ಮೀನುಪುಡಿ ಇಲ್ಲದ ಮೇವು

ರಾಣೆಬೆನ್ನೂರಿನ ತುಳಸಿ ಹುಟ್ಟಿದಾಗಿನಿಂದ ಮೀನು ತಿಂದವಳಲ್ಲ. ಆದರೆ ಮೀನು ಏನು ತಿನ್ನಬೇಕು ಎಂಬುದನ್ನು ಲೆಕ್ಕ ಹಾಕುವುದೇ ಆರು ವರ್ಷದಿಂದ ಅವಳ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ವಿಶಾಖಪಟ್ಟಣದ ಮೀನು ಮೇವಿನ ಕಂಪನಿಯೊಂದರ ಲ್ಯಾಬು ಸೇರಿದ್ದಳು. ಸಂಜೆ ಎಂವಿಪಿ ಕಾಲೋನಿಯ ಬಾಡಿಗೆ ಮನೆಗೆ ಬಂದರೆ ಮೊದಲು ಸ್ನಾನ. ಎರಡು ಸಲ ಸೋಪು ಹಚ್ಚದೆ ಮೀನುಪುಡಿಯ ವಾಸನೆ ಮೈ ಬಿಡುತ್ತಿರಲಿಲ್ಲ.

ಆ ಪುಡಿಯೇ ಅವಳ ತಲೆ ಕೊರೆಯತೊಡಗಿತು. ಸಮುದ್ರದ ಸಣ್ಣ ಮೀನನ್ನು ಒಣಗಿಸಿ, ಅರೆದು, ಕೆರೆಯ ಮೀನಿಗೆ ತಿನ್ನಿಸುವುದು ಯಾವ ನ್ಯಾಯ? ಬದಲಿಗೆ ಸೋಯಾ ಹಿಂಡಿ, ಶೇಂಗಾ ಹಿಂಡಿ ಕೊಟ್ಟರೆ? ರೋಹು, ಕಾಟ್ಲಾ ಹಿಂಡಿ ತಿಂದೇ ಬೆಳೆಯುತ್ತವೆ, ಅದು ಹೊಸದಲ್ಲ. ಬೇಟೆಯಾಡಿ ತಿನ್ನುವ ಪಂಡುಗಪ್ಪ ಮೀನು ಒಪ್ಪೀತೇ?

ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ ನಕ್ಕಳು. “ಮೀನಿಗೂ ಲಿಂಗಾ ಕಟ್ಟಾಕ ಹೊಂಟೀಯೇನಬೇ?”

ಕಂಪನಿ ಒಪ್ಪಿತು. ವಿಜಯವಾಡದಿಂದ ಒಂದೂವರೆ ಗಂಟೆ ದೂರದಲ್ಲಿ ಲಕ್ಷ್ಮೀಪ್ರಸನ್ನ ಎಂಬ ಐವತ್ತರ ಹೆಂಗಸು ತಾನೇ ನಿಂತು ನಡೆಸುತ್ತಿದ್ದ ಪಂಡುಗಪ್ಪ ಮೀನಿನ ಕೆರೆ ಇತ್ತು. ಅದರೊಳಗೆ ಬಲೆಯಿಂದ ಮೂರು ಗೂಡು ಕಟ್ಟಿಸಿದರು. ಒಂದಕ್ಕೆ ಹಳೆಯ ಮೇವು, ಇನ್ನೊಂದಕ್ಕೆ ಮೀನುಪುಡಿ ಅರ್ಧಕ್ಕಿಳಿಸಿದ್ದು, ಮೂರನೆಯದಕ್ಕೆ ಪೂರಾ ಹಿಂಡಿಯದು.

ಐದನೇ ದಿನ ಲಕ್ಷ್ಮೀಪ್ರಸನ್ನ ಫೋನು ಮಾಡಿದಳು. “ಮೇಡಂಗಾರೂ, ನಿಮ್ಮ ಹೊಸ ಮೇವು ಎರಡನ್ನೂ ಉಗುಳ್ತಾ ಇದಾವೆ.”

ತುಳಸಿ ಮರುದಿನವೇ ರೈಲು ಹತ್ತಿದಳು. ವಿಜಯವಾಡದಲ್ಲಿ ಇಳಿದು, ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಕಡೆ ತಿರುಗಿ ಕೈಮುಗಿದು, ಬಸ್ಸು ಹಿಡಿದು ಕೆರೆ ಮುಟ್ಟಿದಳು. ಮೂರನೆಯ ಗೂಡಿನ ಪಕ್ಕದ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಹಿಂಡಿಯ ಮೇವು ಎರಚಿದಳು. ಮೀನುಗಳು ಬಾಣದಂತೆ ಬಂದವು, ಗಬಕ್ಕೆಂದು ಬಾಯಿಗೆಳೆದುಕೊಂಡವು, ಮರುಕ್ಷಣ ಹೊರಗೆ ಹಾಕಿದವು.

“ಬಾಯಿಗೆ ತಗೊಳ್ತಾವಲ್ಲ!” ತುಳಸಿ ತನ್ನ ಬಯಲುಸೀಮೆಯ ತೆಲುಗಿನಲ್ಲಿ ಅಂದಳು. “ಅಂದ್ರೆ ವಾಸನೆ ಒಪ್ಪಿದಾವೆ. ಬಾಯೊಳಗೆ ಏನಾಗ್ತದೆ?”

“ಅದನ್ನ ಮೀನಿಗೇ ಕೇಳಬೇಕು. ಇಲ್ಲಾಂದ್ರೆ ನೀವೇ ಬಾಯಿಗೆ ಹಾಕಿ ನೋಡಿ,” ಎಂದು ಲಕ್ಷ್ಮೀಪ್ರಸನ್ನ ನಕ್ಕಳು.

ತಮಾಷೆಗೆ ಆಡಿದ ಮಾತು. ತುಳಸಿ ಹಿಂಡಿಯ ಗುಳಿಗೆಯೊಂದನ್ನು ಬಾಯಿಗೆ ಹಾಕಿಯೇಬಿಟ್ಟಳು. ತುಸು ಕಹಿ, ದವಡೆಹಲ್ಲಿಗೂ ಜಗ್ಗದಷ್ಟು ಗಟ್ಟಿ. ಹೋಲಿಸಿ ನೋಡಬೇಕಾದರೆ ಇನ್ನೊಂದನ್ನೂ ಬಾಯಿಗಿಡಬೇಕು. ಮೀನುಪುಡಿಯ ಗುಳಿಗೆ ಹಿಡಿದ ಕೈ ತುಟಿಯ ಹತ್ತಿರ ನಿಂತಿತು.

“ವದ್ದಮ್ಮಾ, ಬೇಡ! ನಾನು ತಿಂದು ಹೇಳ್ತೀನಿ. ನಮಗೇನು ಹೊಸದಾ?”

“ನನ್ನ ನಾಲಿಗೆಗೇ ಗೊತ್ತಾಗಬೇಕು,” ಎಂದು ತುಳಸಿ ಕಣ್ಣು ಮುಚ್ಚಿ ಹಾಕಿಕೊಂಡಳು. ಉಪ್ಪು, ಮೂಗಿಗೆ ಅಡರುವ ನಾತ. ಆದರೆ ಗುಳಿಗೆ ಆಗಲೇ ಮೆತ್ತಗಾಗಿ ಹಲ್ಲಿನ ಸಂದಿಯಲ್ಲಿ ಪುಡಿಯಾಗುತ್ತಿತ್ತು. ಅವಳು ಉಗುಳಿ, ಬಾಯಿ ಮುಕ್ಕಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಕೂಗಿದಳು: “ರುಚಿಯದ್ದಲ್ಲರೀ ತಕರಾರು, ನಮ್ಮ ಮೇವು ಕಲ್ಲಾಗೇತಿ!” ಕೂಗಿದ್ದು ಕನ್ನಡದಲ್ಲಿ ಎಂಬುದು ಆಮೇಲೆ ಹೊಳೆಯಿತು.

ಮೂರು ಸ್ಟೀಲ್ ಲೋಟಗಳ ನೀರಿಗೆ ಒಂದೊಂದು ಬಗೆಯ ಗುಳಿಗೆ ಹಾಕಿ ನೋಡಿದರು. ಹಳೆಯದು ಬೇಗ ಮೆದುವಾಯಿತು. ಹೊಸವೆರಡೂ ಬಹಳ ಹೊತ್ತು ಗಟ್ಟಿಯಾಗಿಯೇ ಉಳಿದವು. ಮೀನುಪುಡಿ ಬಾಯಿಗಿಟ್ಟದ್ದನ್ನು ಮಾತ್ರ ತುಳಸಿ ಅವ್ವನಿಗೆ ಹೇಳಲಿಲ್ಲ.

ವಿಶಾಖಪಟ್ಟಣದಲ್ಲಿ ಮೇವನ್ನು ಮೆತ್ತಗೆ ಮಾಡಿಸಿ ಕಳಿಸಿದಳು. ಮೀನುಗಳು ಉಗುಳುವುದನ್ನು ಬಿಟ್ಟವು. ಮೂರು ತಿಂಗಳ ಮೇಲೆ ತೂಗಿದಾಗ ಅರ್ಧ ಹಿಂಡಿಯ ಮೀನು ಹಳೆಯ ಮೇವಿನದಕ್ಕೆ ಸರಿಸಮ ಬಂದಿತ್ತು. ಪೂರಾ ಹಿಂಡಿ ತಿಂದದ್ದು ಮಾತ್ರ ಅಂಗೈಯಗಲದಲ್ಲೇ ನಿಂತು ಸೊರಗಿತ್ತು.

“ಅರ್ಧ ಗೆದ್ದಿರಲ್ಲಮ್ಮಾ! ನನ್ನ ಇಡೀ ಕೆರೆಗೆ ಆ ಅರ್ಧದ್ದನ್ನೇ ಕಳಿಸಿ,” ಎಂದಳು ಲಕ್ಷ್ಮೀಪ್ರಸನ್ನ.

ತುಳಸಿಗೆ ಖುಷಿಯಾಯಿತು, ಆದರೂ ಕಣ್ಣು ಆ ಸೊರಗಿದ ಮೀನನ್ನು ಬಿಟ್ಟು ಕದಲಲಿಲ್ಲ. ತಿಂದದ್ದು ಎಲ್ಲಿ ಹೋಯಿತು? ಇಷ್ಟು ವರ್ಷ ಪುಡಿ, ಗುಳಿಗೆಗಳನ್ನಷ್ಟೇ ಪರೀಕ್ಷಿಸಿದವಳು ಕತ್ತರಿ ಕೇಳಿದಳು.

“ಎಲ್ಲಿಂದ ಕೊಯ್ಯೋದು, ತೋರಿಸ್ರಿ.”

ಲಕ್ಷ್ಮೀಪ್ರಸನ್ನ ಅವಳ ಬೆರಳು ಹಿಡಿದು ಹೊಟ್ಟೆಯ ಗೆರೆಯ ಮೇಲಿಟ್ಟಳು. ಕೊಯ್ದು ನೋಡಿದರೆ ಕರುಳಿನ ಕೊನೆಯ ಭಾಗ ಕೆಂಪಗೆ ಊದಿತ್ತು; ಬಾಯಿ ಒಪ್ಪಿದ ಹಿಂಡಿ ಕರುಳಿಗೆ ಒಗ್ಗಿರಲಿಲ್ಲ. ತುಳಸಿ ಅದನ್ನು ಲ್ಯಾಬಿನಲ್ಲಿ ನೋಡಲೆಂದು ಬಾಟಲಿಗಿಳಿಸಿ, ಮೇಲೆ ದಿನಾಂಕ ಬರೆದು, ಮಧ್ಯಾಹ್ನದ ರೈಲಿಗೆ ಹೊರಟಳು.