ಮರೆವಿನ ಕಾರ್ಯದರ್ಶಿ
ಹೊಸದಾಗಿ ಎದ್ದ ಜಯನಗರದಲ್ಲಿ ಮಹಿಳಾ ಸಮಾಜದ ಕಾರ್ಯದರ್ಶಿ ಅಲಮೇಲಮ್ಮನವರ ಮರೆವನ್ನು ಅರಿಯದವರಿಲ್ಲ. ಕೊಡೆ ಹಿಡಿದುಕೊಂಡೇ ಕೊಡೆ ಹುಡುಕುತ್ತಾರೆ. ಮಂಗಳವಾರದ ಸಭೆಗೆ ಸೋಮವಾರವೇ ಬಂದು, ಖಾಲಿ ಜಮಖಾನದ ಮೇಲೆ ಒಬ್ಬರೇ ಕೂತು, ಯಾರಿಗೂ ಶಿಸ್ತಿಲ್ಲವೆಂದು ಬೈಯುತ್ತಾರೆ. ಬೀದಿ ಗುಡಿಸುವ ಓಬಳಮ್ಮನನ್ನು ಅವರು ಹೊಲಿಗೆ ತರಗತಿಗೆ ಸೇರಿಸಿಕೊಂಡ ಮೇಲೆ, ಉಳಿದ ಹೆಂಗಸರು ಹೆಸರು ಕೆತ್ತಿಸಿದ ತಂತಮ್ಮ ಲೋಟಗಳನ್ನು ಮನೆಯಿಂದಲೇ ತರತೊಡಗಿದರು. ಅಲಮೇಲಮ್ಮನವರು ಬೇಡವೆನ್ನಲಿಲ್ಲ. ಆದರೆ ಕಾಫಿ ಹಂಚುವಾಗ ಪ್ರತಿ ವಾರವೂ ಒಬ್ಬರ ಲೋಟವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಓಬಳಮ್ಮನ ಕೈಗೆ ವಾರಕ್ಕೊಬ್ಬರ ಲೋಟ! "ಏನ್ರೀ ಇದು, ಹೆಸರು ಕಾಣ್ಸಲ್ವಾ?" ಎಂದು ಪಂಕಜಮ್ಮ ಸಿಡುಕಿದರೆ, "ಅಯ್ಯೋ, ಕನ್ನಡಕ ಮರ್ತು ಬಂದೆ ಕಣ್ರೀ. ಕುಡೀರಿ, ಆರಿಹೋಗತ್ತೆ" ಎನ್ನುತ್ತಾರೆ. ಗೊಣಗುತ್ತಲೇ ಎಲ್ಲರೂ ಕುಡಿಯುತ್ತಾರೆ. ಅವರ ಕೈಯ ಕಾಫಿ ಬಿಡುವವರುಂಟೆ? ಮೊನ್ನೆ ತರಗತಿಯಲ್ಲಿ ಓಬಳಮ್ಮನ ಸೂಜಿಯಿಂದ ದಾರ ಜಾರಿತು. ಎಷ್ಟು ಸಲ ಪೋಣಿಸಿದರೂ ಆಗಲಿಲ್ಲ. ಅಲಮೇಲಮ್ಮನವರು ಸೂಜಿ ಈಸಿಕೊಂಡು, ಬರಿಗಣ್ಣಿನಲ್ಲೇ ಒಂದೇ ಸಲಕ್ಕೆ ದಾರ ಪೋಣಿಸಿಕೊಟ್ಟರು. ಓಬಳಮ್ಮ ಕಣ್ಣರಳಿಸಿದಳು. "ಅಮ್ಮಾ, ಕನ್ನಡ್ಕ ಇಲ್ದೇನೇ ಕಾಣ್ಸ್ತಾ?" ಅಲಮೇಲಮ್ಮನವರು ಬಗ್ಗಿ, ಅವಳ ಕಿವಿಯಲ್ಲಿ ಹೇಳಿದರು: "ಮೆಲ್ಲಗೆ ಮಾತಾಡೇ. ಮುಂದಿನ ವಾರ ನಿಂಗೆ ಪಂಕಜಮ್ಮನ ಲೋಟ."