ಒಗೀಲಾರದ ನೈಟಿ

ನನಗ ಜೀವನದಾಗ ಭಾಳ ಮಂದಿ ಮ್ಯಾಲ ಹೊಟ್ಟಿಕಿಚ್ಚು ಬಂದೈತಿ, ಸುಳ್ಳ ಯಾಕ ಹೇಳಲಿ. ಎರಡು ಬಾಲ್ಕನಿ ಇರೂ ಮನಿಯವರ ಮ್ಯಾಲ ಬಂದೈತಿ. ಲೋಕಲ್ ಟ್ರೇನಿನ್ಯಾಗ ಕಿಡಕಿ ಬಾಜೂ ಸೀಟ್ ಹಿಡದವರ ಮ್ಯಾಲ ದಿನಾ ಬರತೈತಿ. ಆದ್ರ ಐವತ್ತು ದಾಟಿದ, ಹಿಮ್ಮಡ ಒಡದ, ಕನ್ನಡಕಕ್ಕ ದಾರ ಕಟ್ಟಿ ಕೊರಳಾಗ ಇಳಿಬಿಟ್ಟ ಒಬ್ಬ ಹೆಣಮಗಳ ಮ್ಯಾಲ ಬಂದಷ್ಟು ಯಾರ ಮ್ಯಾಲೂ ಬಂದಿಲ್ಲ. ಆಕಿ ನನ್ನ ಮಗಳ ಬಾಲವಾಡಿ ಟೀಚರ್. ಎದುರಿಗೆ "ಹೌದ್ರಿ ಟೀಚರ್, ಆತ್ರಿ ಟೀಚರ್" ಅಂತಿದ್ದೆ. ಮನಸಿನ್ಯಾಗ ಮಾತ್ರ ಆಕಿಗೆ ಒಂದು ರೀ ಸೈತ ಹಚ್ಚುತಿರಲಿಲ್ಲ.

ನಾವು ವಿಜಯಪುರದ ಕಡೆಯವರು, ಈಗ ಮುಂಬೈದ ಘಾಟ್ಕೋಪರ್‌ದಾಗ ಇರತೀವಿ. ನಮ್ಮನಿಯವರು ಗ್ರಾಂಟ್ ರೋಡಿನ ಒಂದು ಇಲೆಕ್ಟ್ರಿಕ್ ಸಾಮಾನಿನ ಅಂಗಡ್ಯಾಗ ಇದ್ದಾರ. ನಾನು ಪರೇಲದ ಒಂದು ದವಾಖಾನ್ಯಾಗ ಪೇಶಂಟರ ಹೆಸರು ಬರಕೊಂಡು ಕೇಸ್ ಪೇಪರ್ ಮಾಡೂ ಕಿಡಕ್ಯಾಗ ಕೂಡತೀನಿ. ಮಗಳಿಗೆ ಮೂರು ವರ್ಷ ತುಂಬಿದ ಮ್ಯಾಲ ಹಿಂದಿನ ಬಿಲ್ಡಿಂಗಿನ ಕೆಳಗಿದ್ದ ಎರಡು ಖೋಲಿಯ ಬಾಲವಾಡಿಗೆ ಹಾಕಿದ್ವಿ. ಮುಂಜಾನೆ ಬಿಟ್ಟು ಹೋದ್ರ ಸಂಜೀಕ ಆರೂವರೆ ತನಕ ಇಟ್ಟುಕೊತಿದ್ರು, ನಮ್ಮಂಥಾ ನೌಕರಿ ಮಾಡೂ ಅವ್ವಗೋಳಿಗೆ ಅದೇ ಬೇಕಾಗಿತ್ತು.

ಮೊದಲನೇ ದಿನ ಟೀಚರ್ ನನ್ನ ಬಾಜೂಕ ಕರದು ಒಂದು ಮಾತು ಹೇಳಿದ್ಳು. ಆಕಿ ಮರಾಠಿ ಹೆಣಮಗಳು, ನಾವಿಬ್ಬರೂ ಹಿಂದಿ ಮರಾಠಿ ಕಲಸಿ ಮಾತಾಡತಿದ್ವಿ. "ನಿಮ್ಮದೊಂದು ಹಳೇ ಸೀರಿ ಇಲ್ಲಾ ಓಢಣಿ ಕೊಡ್ರಿ, ಮೈಮ್ಯಾಲ ಹಾಕ್ಕೊಂಡು ಬಿಟ್ಟದ್ದು. ಒಗೀಬ್ಯಾಡ್ರಿ. ಮಧ್ಯಾಹ್ನ ಕೂಸಿನ್ನ ಮಲಗಸಾಕ ಬೇಕು."

ನನಗ ಮೈ ಉರದು ಹೋತು. ನಮ್ಮನ್ನ ಏನಂತ ತಿಳದಾಳ ಈಕಿ? ಹಳೇ ಅರಿವಿ ಕೂಡಿಸಿ ಹೊಚ್ಚಿಕೊಳ್ಳೂ ಮಂದಿ ಅಂತ ಮಾರಿ ಮ್ಯಾಲ ಬರದೈತೇನು? ಖರೇ ಹೇಳಬೇಕಂದ್ರ, ನಾವು ಅಂಥಾ ಮಂದೀನೇ. ನಮ್ಮವ್ವ ಇವತ್ತಿಗೂ ಹಳೇ ಸೀರಿ ಪದರ ಪದರ ಕೂಡಿಸಿ ಕೌದಿ ಹೊಲೀತಾಳ. ಲಗ್ನ ಆಗಿ ಮುಂಬೈಗೆ ಬರೂ ಮುಂದ ನನಗೂ ಒಂದು ಕೌದಿ ಕೊಟ್ಟಿದ್ಳು. ಬಂದು ಹೋಗೂ ಮಂದಿಗೆ ಕಾಣಬಾರದಂತ ಅದನ್ನ ನಾನು ದಿವಾನದ ಪೆಟಿಗ್ಯಾಗ ತಳಕ್ಕ ಹಾಕಿ ಮುಚ್ಚಿಟ್ಟಿದ್ದೆ. ಅಂಥಾಕಿ ಸಾಲಿಗೆ ಹಳೇ ಅರಿವಿ ಕಳಸ್ತೀನೇನು? ಸ್ಟೇಶನ್ ಮುಂದಿನ ಅಂಗಡ್ಯಾಗ ಆನಿ ಚಿತ್ರದ ಹೊಸಾ ಚಾದರ್ ತೊಗೊಂಡು, ಇಸ್ತ್ರಿ ಮಡಿಕಿ ಮುರೀಲಾರದಂಗ ಒಯ್ದು ಕೊಟ್ಟೆ. ಟೀಚರ್ ಅದನ್ನ ನೋಡಿದ್ಳು, ನನ್ನ ನೋಡಿದ್ಳು. "ಹಳೇದಿದ್ರ ಛಲೋ ಇತ್ತು" ಅಂದ್ಳು, ಅಷ್ಟೇ. ನಾನು ಕೇಳಿಸಿಕೊಳ್ಳಲಾರದಂಗ ಚಪ್ಪಲಿ ಮೆಟ್ಟಿ ಟ್ರೇನಿಗೆ ಓಡಿದೆ.

ಒಂದು ತಿಂಗಳಾಗೂದ್ರಾಗ ಮನ್ಯಾಗ ಎಲ್ಲಾ ಟೀಚರ್ ರಾಜ್ಯ ಸುರು ಆತು. ನಾನು ಮಾಡಿದ ಬೆಂಡಿಕಾಯಿ ಪಲ್ಯಾ ಉಗಳ್ತಿದ್ದ ಹುಡುಗಿ ಅಲ್ಲಿ ಎರಡೆರಡು ಸಲ ಹಾಕಿಸಿಕೊಂಡು ತಿಂತಿದ್ಳಂತ. ತಲಿ ಹಿಕ್ಕಾಕ ಕೂಡಿಸಿದ್ರ "ಟೀಚರ್ ಹಿಂಗ ಜಗ್ಗಂಗಿಲ್ಲ" ಅಂತಿದ್ಳು. ಜ್ವರಾ ಬಂದ ದಿನ ನಾನು ರಜಾ ಹಾಕಿ, ಬಾಜೂಕ ಕುಂತು, ಹಣಿ ಮ್ಯಾಲ ಒದ್ದಿ ಅರಿವಿ ಇಟ್ಟುಕೋತ ಇದ್ರ, ಕಣ್ಣ ತೆರದು ಈಕಿ ಕೇಳಿದ್ದು ಏನು? "ಟೀಚರ್ ಎಲ್ಲಿ?" ಅಯ್ಯ ಶಿವನ! ಒಂಬತ್ತು ತಿಂಗಳು ಹೊತ್ತಾಕಿ ನಾನು, ಇಲ್ಲೇ ಕುಂತೀನಿ, ನನ್ನ ಕೇಳಬಾರದಾ? ಅಡಗೀಮನಿಗೆ ಹೋಗಿ ನಳಾ ಬಿಟ್ಟು ಅತ್ತೆ.

ಶನಿವಾರ ನನಗ ಅರ್ಧಾ ದಿನ. ಒಂದು ಶನಿವಾರ ಲಗೂನ ಬಂದು ಬಾಲವಾಡಿ ಕಿಡಕಿ ಗ್ರಿಲ್ ಹಿಡಕೊಂಡು ಕಳ್ಳರಂಗ ಒಳಗ ನೋಡಿದೆ. ಹುಡುಗರು ಅಡಗೀ ಆಟ ಆಡಾಕ ಹತ್ತಿದ್ರು. ಟೀಚರ್ ಗ್ವಾಡಿಗೆ ಆತಕೊಂಡು ನೆಲದ ಮ್ಯಾಲ ಕುಂತಿದ್ಳು. ನನ್ನ ಮಗಳು ಖಾಲಿ ಕಪ್ ತಂದು ಕೊಟ್ಟಳು. ಟೀಚರ್ ಸೊರ್ ಅಂತ ಸಪ್ಪಳಾ ಮಾಡಿ ಕುಡದು, ಮಾರಿ ಕಿವಿಚಿ, "ಸಕ್ರಿ ಕಮ್ಮಿ ಆಗೈತಲ್ಲ ವಹಿನಿ" ಅಂದ್ಳು, ಮನಿ ಅತ್ತಿಗಿಗೆ ಅಂದಂಗ. ಆ ಹುಡುಗಿ ಸಕ್ರಿ ತರಾಕ ಹೆಂಗ ಓಡಿದ್ಳಂತೀರಿ! ಮನ್ಯಾಗ ಅದೇ ಖಾಲಿ ಕಪ್ ನನ್ನ ಮುಂದ ಹಿಡದಾಗ ನಾನು ಮೊಬೈಲ್ ನೋಡಕೋತ "ಹೂಂ ಹೂಂ, ಕುಡದೆ" ಅಂತಿದ್ದೆ. ಅದು ಆಗ ನೆನಪಾತು. ನೆನಪಾದ್ರೂ ಸಿಟ್ಟು ಬಂದದ್ದು ನನ್ನ ಮ್ಯಾಲ ಅಲ್ಲ, ಆಕಿ ಮ್ಯಾಲ. ಇಡೀ ದಿನ ಹುಡುಗರ ಜೋಡಿ ಕುಂತು ಸುಳ್ಳ ಚಹಾ ಕುಡಿಯಾಕ ಆಕಿಗೆ ಪಗಾರ ಕೊಡತಾರ, ನನಗ ಯಾರು ಕೊಡತಾರ?

ಕಡೀಕ ಒಂದು ಶುಕ್ರವಾರ ಟ್ರೇನ್ ತಡಾ ಆಗಿ ಏಳು ಹೊಡಿಯೂ ಹೊತ್ತಿಗೆ ಮುಟ್ಟಿದೆ. ಬ್ಯಾರೆ ಹುಡುಗರೆಲ್ಲಾ ಹೋಗಿದ್ರು. ಟೀಚರ್ ಬಾಗಲದಾಗ ನಿಂತಿದ್ಳು, ನನ್ನ ಮಗಳು ಆಕಿ ಸೆರಗು ಮುಷ್ಟ್ಯಾಗ ಹಿಡದು ಮೂಗಿಗೆ ಒತ್ತಿಕೊಂಡಿದ್ಳು. "ಬಾರs" ಅಂದೆ. ಬರಲಿಲ್ಲ. ಕೈ ಹಿಡದು ಎಳದೆ. ಸೆರಗಿನ ಅಂಚು ಪರ್ ಅಂತ ಹರೀತು.

"ಇರಲಿ ಬಿಡ್ರಿ, ಹಳೇ ಸೀರಿ" ಅಂತ ಟೀಚರ್ ನಕ್ಕಳು. ನಾನು ತಪ್ಪಾತು ಅನ್ನಲಿಲ್ಲ. ಅಳೂ ಮಗಳನ್ನ ಬಗಲಾಗ ಎತ್ತಿಕೊಂಡು, "ಇನ್ನೊಮ್ಮೆ ಟೀಚರ್ ಅಂದ್ರ ನೋಡು ಮತ್ತ" ಅಂತ ಬೈಕೋತ ಮನಿಗೆ ಬಂದೆ. ಮೂರು ವರ್ಷದ ಕೂಸಿಗೆ ಆ ಮಾತು ಅಂದಾಕಿ ನಾನು. ಈಗ ನೆನಸಿದ್ರ ನಾಚಿಕಿ ಬರತೈತಿ, ಆವತ್ತು ಬರಲಿಲ್ಲ.

ಮರುದಿನ ದೊಡ್ಡ ರಸ್ತಾದ ಮ್ಯಾಲಿನ ಒಂದು ದೊಡ್ಡ ನರ್ಸರಿಗೆ ಹೋಗಿ ಫಾರ್ಮ್ ತಂದೆ. ಅಲ್ಲಿ ಲಿಫ್ಟ್ ಇತ್ತು, ಕ್ಯಾಮೆರಾ ಇತ್ತು, ಟೀಚರ್‌ಗೋಳು ತಿಂಗಳಿಗೊಮ್ಮೆ ಬದಲಾಗತಾರ ಅಂತ ವಾಚ್‌ಮನ್ ಹೇಳಿದ. ಅದು ನನಗ ಎಲ್ಲಾಕ್ಕಿಂತ ಛಲೋ ಅನಿಸ್ತು. "ಸೋಮವಾರ ಬಾಲವಾಡಿಯಿಂದ ಹೆಸರು ತಗಸ್ತೀನಿ" ಅಂತ ನಮ್ಮನಿಯವರಿಗೆ ಹೇಳಿದೆ.

"ಕೂಸು ಖುಷಿಯಿಂದ ಹೊಂಟೈತಿ. ನಿನಗೇನಾಗೇತಿ?" ಅಂದ್ರು.

"ನನಗ ಹೊಟ್ಟಿ ಉರದೈತಿ" ಅಂದೆ ನೇರವಾಗಿ. ಅವರು ನಕ್ಕರು. ನಾನು ಭಾಂಡೆ ಕುಕ್ಕಿದೆ.

ರವಿವಾರ ಮಧ್ಯಾಹ್ನ ನಮ್ಮನಿಯವರು ಹೊರಗ ಹೋಗಿದ್ರು. ಫಾರ್ಮ್ ತುಂಬಾಕ ಕುಂತಿದ್ದೆ. ಮಗಳು ಬಂದು ಪೆನ್ ಕಸಕೊಂಡ್ಳು. "ಬಾಲವಾಡಿ ಆಟ ಆಡೂಣು. ನಾ ಟೀಚರ್, ನೀ ಕೂಸು" ಅಂದ್ಳು. ನನ್ನ ಹಳೇ ಓಢಣಿ ಸೆರಗಿನಂಗ ಹೊತ್ತು, ನಮ್ಮನಿಯವರ ಹಳೇ ಕನ್ನಡಕ ಅಂಗಿ ಕೊರಳಿಗೆ ಸಿಗಿಸಿಕೊಂಡು ಸೊಂಟದ ಮ್ಯಾಲ ಕೈ ಇಟ್ಟಳು. ಇಲ್ಲೂ ಬಂದ್ಳೇನು ಆ ಹೆಣಮಗಳು ಅನಿಸಿದ್ರೂ, ಆ ಖಾಲಿ ಕಪ್ ನೆನಪಾಗಿ ಮೊಬೈಲ್ ತಿರುವಿ ಇಟ್ಟು ನೆಲಕ್ಕ ಕುಂತೆ. ಊಟಾ ಮಾಡಿಸಿದ್ಳು. ಕೈ ತೊಳಿಸಿದ್ಳು. ಆಮ್ಯಾಲೆ, "ಈಗ ಮಲಗೂದು. ನಿನ್ನ ಅವ್ವನ ಅರಿವಿ ಎಲ್ಲೈತಿ? ತೊಗೊಂಡು ಬಾ" ಅಂದ್ಳು.

"ನನ್ನ ಅವ್ವನ ಅರಿವೀನಾ?"

"ಎಲ್ಲಾರೂ ತರತಾರ. ಅದನ್ನ ಹಿಡಕೊಂಡು ಮಲಗಬೇಕು. ಅಳೂ ಬರಂಗಿಲ್ಲ."

ಆಟ ಅಂದ ಮ್ಯಾಲ ಆಟ. ದಿವಾನದ ಪೆಟಿಗಿ ತೆಗದು, ಎಲ್ಲಾ ಎತ್ತಿ ಹಾಕಿ, ತಳದಾಗಿಂದ ನಮ್ಮವ್ವನ ಕೌದಿ ಹೊರಗ ತಗದೆ. ಮಗಳು ಅದರಾಗ ಮೂಗು ತುರುಕಿ ಉದ್ದಕ ಉಸರು ಎಳಕೊಂಡ್ಳು. ಭಾಳ ದೊಡ್ಡ ಮನಷ್ಯಾಳಂಗ ತಲಿ ಅಲ್ಲಾಡಿಸಿದ್ಳು. "ಹಾಂ. ಇದಕ್ಕ ನಿನ್ನ ಅವ್ವನ ವಾಸ್ನಿ ಐತಿ" ಅಂದ್ಳು.

ನಾನೂ ಮೂಸಿದೆ. ಇತ್ತು. ನುಸಿ ಹತ್ತಬಾರದಂತ ಇಟ್ಟ ಡಾಂಬರ್ ಗುಳಗಿ ವಾಸ್ನಿ ಕೆಳಗ, ಒಲಿ ಹೊಗಿ, ಎಲಿ ಅಡಕಿ, ನಮ್ಮವ್ವ. ಕಣ್ಣಾಗ ನೀರು ಬಂದ್ವು.

"ನನ್ನ ಚಾದರಕ್ಕ ಇಲ್ಲ" ಅಂದ್ಳು ಮಗಳು, ಕೌದಿ ನನ್ನ ಮ್ಯಾಲ ಹೊಚ್ಚಿಕೋತ. "ಬರೇ ಅಂಗಡಿ ವಾಸ್ನಿ. ಅದಕ್ಕ ಟೀಚರ್ ಸೆರಗು ಕೊಡತಾರ." ಆಮ್ಯಾಲೆ ನನ್ನ ತಲಿ ಮ್ಯಾಲ ಸಣ್ಣ ಕೈ ಬಡಕೋತ, "ಅಳಬ್ಯಾಡ. ನಿನ್ನ ಅವ್ವ ಸಂಜೀಕ ಬರತಾಳ" ಅಂದ್ಳು.

ನಾನು ಕೌದಿ ಮಾರಿ ಮ್ಯಾಲ ಎಳಕೊಂಡೆ. ಆಕಿ ನನ್ನ ಮಗಳನ್ನ ಕಸಕೊಂಡಾಳ ಅಂತ ಇಷ್ಟು ದಿನ ಬೈದೆ. ಕೂಸು ದಿನಾ ಮಧ್ಯಾಹ್ನ ಅವ್ವನ್ನ ಹುಡುಕತಿತ್ತು. ನಾನು ಅದರ ಕೈಯಾಗ ಆನಿ ಚಾದರ್ ಕೊಟ್ಟು ಕಳಿಸಿದ್ದೆ. ಕೌದ್ಯಾಗ ಬೆಳದ ನಾನು!

ಸೋಮವಾರ ಫಾರ್ಮ್ ಮನ್ಯಾಗೇ ಬಿತ್ತು. ಹಳೇ ಸೀರಿ ಹುಡುಕಿದ್ರ ನನ್ನ ಹಂತೇಕ ಎಲ್ಲೈತಿ? ಸೀರಿ ಉಡೂದು ಲಗ್ನಾ ಮುಂಜಿವಿಗೆ ಅಷ್ಟೇ. ಓಢಣಿ ಎಲ್ಲಾ ಒಗದು ಮಡಚಿಟ್ಟಿದ್ದೆ. ನನ್ನ ವಾಸ್ನಿ ಇದ್ದದ್ದು ಒಂದೇ ಒಂದರಾಗ: ಹಸರ ನೈಟಿ. ಬಗಲಾಗ ಹರದದ್ದು, ಹೊಟ್ಟಿ ಮ್ಯಾಲ ಅರಿಷಿಣದ ಕಲಿ. ಮುಂಜಾನೆ ಮೈಮ್ಯಾಲಿಂದ ತಗದು ಹಂಗೇ ಸುತ್ತಿ, ಸೀರಿ ಅಂಗಡಿ ಕವರಿನಾಗ ಹಾಕಿ ಒಯ್ದೆ. ಮೆಲ್ಲಕ ಕೈಗೆ ದಾಟಸೂಣು ಅಂತ ನಾನು ಅಂದುಕೊಂಡಿದ್ರ, ಯವ್ವಾ, ಟೀಚರ್ ಅದನ್ನ ಎಲ್ಲಾರ ಮುಂದ ಕವರಿನಿಂದ ತಗದು, ಝಾಡಿಸಿ, ಮೂಗಿಗೆ ಹಿಡದು ನೋಡಿದ್ರು. "ಈಗ ಆತು ನೋಡ್ರಿ" ಅಂದ್ರು.

"ನನಗ ಇನ್ನೊಮ್ಮೆ ಯಾಕ ಹೇಳಲಿಲ್ರಿ?" ಅಂತ ಕೇಳಿದೆ.

"ಮೊದಲನೇ ಸಲಕ್ಕ ಹೊಸಾದು ತರೂ ಅವ್ವಗೋಳು, ಇನ್ನೊಮ್ಮೆ ಕೇಳಿದ್ರ ಇನ್ನೂ ತುಟ್ಟೀದು ತರತಾರ" ಅಂದ್ರು. ಅವರ ಸೆರಗಿನ ಅಂಚಿಗೆ ಕೈಲೆ ಹೊಲಗಿ ಹಾಕಿದ್ದು ಕಾಣತಿತ್ತು. "ತಪ್ಪಾತ್ರಿ" ಅಂದೆ. ಸೀರಿಗೆ ಅಂದುಕೊಂಡ್ರೋ ಏನೋ, "ಹೋಗ್ರಿ, ಟ್ರೇನ್ ತಪ್ಪತೈತಿ" ಅಂದ್ರು.

ಅವತ್ತು ಸಂಜೀಕ ಮಗಳು ಓಡಿ ಬಂದು ಅಪ್ಪಿಕೊಂಡ್ಳು ಅಂತ ಬರದ್ರ ಸುಳ್ಳ ಆಗತೈತಿ. ಟೀಚರಿಗೆ ಕೈ ಬೀಸಿ, ನನ್ನ ಬೆರಳ ಹಿಡಕೊಂಡು ನಡದ್ಳು. ಎಳೀಬೇಕಾಗಲಿಲ್ಲ. ನನಗ ಅಷ್ಟು ಸಾಕಾತು.

ಮೊನ್ನೆ ಶನಿವಾರ ಲಗೂನ ಹೋದಾಗ ಗ್ರಿಲ್ ಮುಂದ ಇನ್ನೊಬ್ಬಾಕಿ ನಿಂತಿದ್ಳು. ಆಕಿ ಮಗಳು ಬಾಲವಾಡಿಗೆ ಸೇರಿ ನಾಕು ದಿನ ಆಗಿತ್ತು. ಒಳಗ ಹುಡುಗರೆಲ್ಲಾ ಮಲಗಿದ್ರು. ಆ ಹೊಸಾ ಕೂಸಿನ ಕಾಲ್ದೆಸಿ ಮೊಲದ ಚಿತ್ರದ ಹೊಸಾ ಚಾದರ್ ಮಡಿಕಿ ಮುರೀಲಾರದಂಗ ಬಿದ್ದಿತ್ತು. ಕೂಸು ನನ್ನ ಮಗಳ ಬಾಜೂಕ ಉರುಳಿ ಬಂದು ಮಲಗಿತ್ತು, ಅದರ ಗಲ್ಲದ ಕೆಳಗ ನನ್ನ ನೈಟಿ. ಅರ್ಧಾ ನನ್ನ ಮಗಳು ಹಿಡದಿದ್ಳು, ಅರ್ಧಾ ಆ ಕೂಸಿಗೆ ಕೊಟ್ಟಿದ್ಳು. ನನ್ನ ಮಗಳಿಗಂತ ಕೊಟ್ಟದ್ದರಾಗ ಅರ್ಧಾ ಹೋತಲ್ಲ ಅನಿಸ್ತು.

"ಆ ಹರಕ ಅರಿವಿ ಯಾರದ್ರಿ? ನನ್ನ ಮಗಳ ಮಾರಿಗೆ ಹಚ್ಚ್ಯಾರ" ಅಂದ್ಳು ಬಾಜೂಕ ನಿಂತಾಕಿ.

"ನಂದು" ಅಂದೆ.

ಆಕಿ ತಿರುಗಿ ನನ್ನ ಮ್ಯಾಲಿಂದ ಕೆಳಗ ನೋಡಿದ್ಳು. ಆ ನೋಟ ನನಗ ಗುರ್ತಿತ್ತು, ನಾನೂ ಅದೇ ಗ್ರಿಲ್ ಹಿಡಕೊಂಡು ಹಂಗೇ ನೋಡಿದಾಕಿ. ಸೋಮವಾರ ನಿಮ್ಮದೊಂದು ಹಳೇ ನೈಟಿ ತರ್ರಿ, ಒಗೀಬ್ಯಾಡ್ರಿ ಅಂತ ಹೇಳಿದ್ರ ಮುಗೀತಿತ್ತು. ಹೇಳಿದೆ ಖರೇ. ಆದ್ರ ಲಗೂನ ಹೇಳಲಿಲ್ಲ. ಆಕಿ ಕೂಸು ನನ್ನ ನೈಟಿ ತೋಳು ಮುಷ್ಟ್ಯಾಗ ಹಿಡದು, ಮೂಗಿಗೆ ಒತ್ತಿಕೊಂಡು, ಸುಖವಾಗಿ ಉಸರು ಬಿಡಾಕ ಹತ್ತಿತ್ತು. ಇನ್ನೊಂದು ಐದು ನಿಮಿಷ ಆಕಿ ನೋಡಲಿ ಅಂತ ನಾನು ಸುಮ್ಮನ ನಿಂತೆ.