ಮೂರೂವರೆಯಿಂದ ಆರರವರೆಗೆ ನಿಂತ ಗಿರಣಿ

ಅವಳ ಕಣ್ಣರೆಪ್ಪೆಗಳ ಮೇಲೆ ಸದಾ ಜೋಳದ ಹಿಟ್ಟು ಇರುತ್ತಿತ್ತು. ಕಣ್ಣು ಮಿಟುಕಿಸಿದರೆ ಒಂದಿಷ್ಟು ಕೆನ್ನೆಯ ಮೇಲೆ ಉದುರುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಕೈಯ ಹಿಟ್ಟು ಮುಖಕ್ಕೆ ಹತ್ತುತ್ತಿತ್ತು, ಹಾಗಾಗಿ ಒರೆಸಿಕೊಳ್ಳುವುದನ್ನೇ ಬಿಟ್ಟಿದ್ದಳು. ಹುಬ್ಬು ಬಿಳಿ, ಕಿವಿಯ ಅಂಚು ಬಿಳಿ, ತುಟಿ ಮಾತ್ರ ಎಲೆ ಅಡಿಕೆಯಿಂದ ಕೆಂಪು. ಇದನ್ನು ಕಣ್ಣಾರೆ ನೋಡಿದ ನೆನಪಿನಿಂದ ಬರೆಯುತ್ತಿದ್ದೇನೆಯೋ, ನನ್ನ ಫೋನಿನಲ್ಲಿ ಉಳಿದಿರುವ ಒಂದು ಫೋಟೋ ನೋಡಿ ಬರೆಯುತ್ತಿದ್ದೇನೆಯೋ ಹೇಳಲಾರೆ. ಗಿರಣಿಯೊಳಗೆ ರೆಪ್ಪೆ ಕಾಣುವಷ್ಟು ಬೆಳಕು ಇರಲಿಲ್ಲ.

ಇಳಕಲ್ಲಿನಲ್ಲಿ ನಾವು ಬಾಡಿಗೆಗಿದ್ದ ಎರಡು ಕೋಣೆಗಳ ಕೆಳಗೆ ಅವಳ ಹಿಟ್ಟಿನ ಗಿರಣಿ. ಅದು ಶುರುವಾದರೆ ನಮ್ಮ ಅಡುಗೆಮನೆಯ ಡಬ್ಬಿಗಳು ನಡುಗುತ್ತಿದ್ದವು. ಓಣಿಯವರು ಅವಳನ್ನು ಗಿರಣೆವ್ವ ಎನ್ನುತ್ತಿದ್ದರು, ನನ್ನ ಮಕ್ಕಳು ಆಯಿ ಎನ್ನುತ್ತಿದ್ದರು, ನಾನು ಅವ್ವಾ ಎನ್ನುತ್ತಿದ್ದೆ. ಅವಳು ನನ್ನನ್ನು ಕರೆಯುತ್ತಿದ್ದುದು ಅಕ್ಕೋರ ಎಂದು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ಸಿಟ್ಟು ಬಂದಾಗ ಮಾತ್ರ "ಏ ಹುಡುಗಿ" ಆಗುತ್ತಿತ್ತು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ. ಬಸ್ಸು ಹಿಡಿದು ಮನೆ ಸೇರುವಾಗ ಸಂಜೆ ಆರು. ಗಂಡ ಗ್ರಾನೈಟ್ ಕಾರ್ಖಾನೆಯಿಂದ ಬರುವುದು ಇನ್ನೂ ತಡ. ಮಕ್ಕಳ ಶಾಲೆ ಬಿಡುತ್ತಿದ್ದುದು ಮೂರೂವರೆಗೆ. ನಡುವಿನ ಎರಡೂವರೆ ತಾಸು ಏಳು ವರ್ಷದ ಮಗಳು, ಐದು ವರ್ಷದ ಮಗ ಇಬ್ಬರೂ ಗಿರಣಿಯ ಪಾಲು. ಯಾರೂ ಕೇಳಿಕೊಂಡು ಮಾಡಿದ ಏರ್ಪಾಡಲ್ಲ ಅದು. ಮೊದಲ ದಿನ ಬೀಗದ ಮುಂದೆ ಕೂತಿದ್ದ ಮಕ್ಕಳನ್ನು ಅವಳು ಕೆಳಗೆ ಕರೆದು ಬಿಸಿ ಹಿಟ್ಟಿನಲ್ಲಿ ಕೈ ಇಡಿಸಿದಳಂತೆ. ಆಗ ತಾನೇ ಬೀಸಿದ ಹಿಟ್ಟು ಅಷ್ಟು ಬಿಸಿ ಇರುತ್ತದೆಂದು ಮಗಳು ವಾರಗಟ್ಟಲೆ ಎಲ್ಲರಿಗೂ ಹೇಳಿದಳು.

ನಮಗೆ ಅಂಗಳವಿರಲಿಲ್ಲ, ಹಿತ್ತಲಿರಲಿಲ್ಲ. ಮೆಟ್ಟಿಲಿಳಿದರೆ ನೇರ ರಸ್ತೆ, ಕಲ್ಲು ಹೊತ್ತ ಲಾರಿಗಳು. ಗಿರಣಿಯ ಕಟ್ಟೆಯೇ ಮಕ್ಕಳ ಬಯಲು, ಜೋಳದ ಚೀಲಗಳೇ ಗುಡ್ಡ. ದಿನಾ ತೂಕದ ಕಾಟಾದ ಮೇಲೆ ನಿಲ್ಲುತ್ತಿದ್ದರು. "ಇವತ್ತ ಅರ್ಧ ಕಿಲೋ ಕಡಿಮಿ ಆಗ್ಯಾನ, ಮಾಸ್ತರ ಏನ್ ಬೀಸ್ಯಾನೋ ಇವನ್ನ" ಎಂದು ಅವಳು ಪಾಳಿಯಲ್ಲಿ ನಿಂತವರನ್ನು ನಗಿಸುತ್ತಿದ್ದಳು. ಮಳೆಗಾಲದಲ್ಲಿ ಕಟ್ಟೆಯ ಸಂದಿಗಳಲ್ಲಿ ಚೆಲ್ಲಿದ ಕಾಳು ತಾನೇ ಮೊಳೆಯುತ್ತಿತ್ತು. ಮಗ ಅದಕ್ಕೆ ನೀರು ಹಾಕುತ್ತಿದ್ದ. ಒಂದು ಗೇಣು ಬೆಳೆಯುವಷ್ಟರಲ್ಲಿ ಯಾರದೋ ಆಡು ಬಂದು ತಿನ್ನುತ್ತಿತ್ತು. ಅವನು ಅತ್ತರೆ ಅವಳು ಇನ್ನೊಂದು ಹಿಡಿ ಕಾಳು ಚೆಲ್ಲುತ್ತಿದ್ದಳು.

ಅವಳಲ್ಲಿ ಒಂದು ರೂಢಿ ಇತ್ತು. ಹೊಟ್ಟೆಕಿಚ್ಚನ್ನು ಅವಳು ಬಾಯಿ ಬಿಟ್ಟು ಹೇಳುತ್ತಿದ್ದಳು. ಯಾರಾದರೂ ಹೊಸ ಬೆಂಡೋಲಿ ಹಾಕಿಕೊಂಡು ಹಿಟ್ಟಿಗೆ ಬಂದರೆ, "ಯವ್ವಾ, ನಿನ್ನ ಕಿವಿ ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು ನೋಡು! ಥೂ ಥೂ! ಹೋತು. ಇನ್ನ ಚಂದಂಗ ಹಾಕ್ಕೊ" ಎಂದು ಪಕ್ಕಕ್ಕೆ ಉಗಿದುಬಿಡುತ್ತಿದ್ದಳು. ಪಕ್ಕದ ಮನೆಯ ಹುಡುಗ ಹೊಸ ಮೋಟಾರ್ ಸೈಕಲ್ ತಂದಾಗ ಗಿರಣಿ ನಿಲ್ಲಿಸಿ ಹೊರಗೆ ಬಂದಳು.

"ನನ್ನ ಮಗಗ ಇಲ್ಲ, ನಿನಗೈತಿ. ಹೊಟ್ಟಿ ಉರೀತೈತಿಲೇ ತಮ್ಮಾ."

"ಇಷ್ಟು ಉರಿ ಇದ್ದ ಮ್ಯಾಲ ಗಿರಣಿಗೆ ಕರೆಂಟ್ ಯಾಕ ಬೇಕಬೇ ನಿನಗ?" ಎಂದ ಅವನು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಆಮೇಲೆ ನನಗೆ ಹೇಳಿದಳು: "ಅಂದ್ರ ಹೋಗತೈತ್ರಿ ಅಕ್ಕೋರ. ಒಳಗ ಇಟ್ಕೊಂಡ್ರ ಕಣ್ಣಿಗೆ ಬರತೈತಿ, ಕಣ್ಣಿನಿಂದ ಮಂದಿ ಮಕ್ಕಳಿಗೆ ಹತ್ತತೈತಿ."

ನಾನು ಒಳಗೆ ಇಟ್ಟುಕೊಳ್ಳುವವಳು. ನನ್ನ ತಂಗಿ ಬಾಗಲಕೋಟೆಯ ನವನಗರದಲ್ಲಿ ಇದ್ದಾಳೆ. ಸ್ವಂತ ಮನೆ, ಮುಂದೆ ಮಲ್ಲಿಗೆ, ಹಿಂದೆ ಹಿತ್ತಲು, ಅಲ್ಲಿ ಪೇರಲ ಗಿಡ, ಗಿಡಕ್ಕೊಂದು ಜೋಕಾಲಿ. ಅವಳ ಮಗ ನನ್ನ ಮಗನ ವಾರಿಗೆಯವನು. ಅವನು ಪೈಪು ಹಿಡಿದು ಗಿಡಕ್ಕೆ ನೀರು ಬಿಡುವುದು, ಕೆಸರು ಮೆತ್ತಿದ ಅಂಗಾಲು, ಅಂಗೈಯಲ್ಲಿ ಎರೆಹುಳ, ದಿನಕ್ಕೆ ಮೂರು ಫೋಟೋ ಅವಳ ಸ್ಟೇಟಸ್ಸಿನಲ್ಲಿ. ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಎಲ್ಲಕ್ಕೂ ಕೆಂಪು ಹೃದಯ ಒತ್ತುತ್ತಿದ್ದೆ. ಮನೆಗೆ ಬಂದು ಮಗನ ಕೈಯ ಹಿಟ್ಟನ್ನು ಬೇಕಾದದ್ದಕ್ಕಿಂತ ಜೋರಾಗಿ ತಿಕ್ಕಿ ತೊಳೆಯುತ್ತಿದ್ದೆ.

ಒಮ್ಮೆ ಮಗ ಎರಡು ದಿನ ಊಟ ಬಿಟ್ಟು ಕಿರಿಕಿರಿ ಮಾಡಿದ. ನೆದರ ಆಗಿದೆ, ಯಾರದೋ ಕಣ್ಣು ಬಿದ್ದಿದೆ ಎಂದು ಅವಳು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೇಲೆ ಬಂದಳು. ಹೋದವರ ಕಣ್ಣು, ಬಂದವರ ಕಣ್ಣು, ನೆರೆಯವರ ಕಣ್ಣು ಎಂದು ಅವನ ಸುತ್ತ ಇಳಿ ತೆಗೆಯುತ್ತಿದ್ದವಳು ನಡುವೆ ನಿಂತಳು.

"ಫೋನಿನ್ಯಾಗ ಹಾಕೀರೇನ್ರಿ ಇವನ ಫೋಟೋ?"

"ಹಾಕೇನಿ."

"ಯಾರ್ಯಾರು ನೋಡ್ಯಾರ?"

"ಅದರಾಗ ಹೆಸರು ಬರ್ತಾವವ್ವಾ."

"ಬರ್ತಾವ? ಹಂಗಾರ ಹೆಸರು ಹಿಡದ ತಗದಬಿಡೂಣು. ಓದ್ರಿ."

ನಾನು ಓದಿದೆ. ಒಂದೊಂದು ಹೆಸರಿಗೂ ಅವಳು ಒಂದು ಸುತ್ತು ಹಾಕಿದಳು. ಹೆಡ್‌ಮಾಸ್ತರು, ಗುಡೂರಿನ ಅತ್ತೆ, ಹಾಲಿನವನು, ಎಂದೋ ಜೊತೆಗೆ ಕಲಿತವರು. ಮಗ ಅಳುವುದು ಬಿಟ್ಟು ನಗತೊಡಗಿದ. "ಏನ್ ಸಂತಿ ಐತ್ರಿ ಇದು! ನನ್ನ ರಟ್ಟಿ ಬಿದ್ದು ಹೋದ್ವು" ಎಂದಳು ಅವಳು. ನಡುವೆ ಎಲ್ಲೋ ನನ್ನ ತಂಗಿಯ ಹೆಸರು ಬಂತು. ಕೈ ನಿಂತಿತು.

"ಬಾಗಲಕೋಟಿ ತಂಗಿ? ಆಕಿ ಮಗನ ಫೋಟೋ ಹಾಕಿದ್ರ ನಿನ್ನ ಹೆಸರೂ ಹಿಂಗ ಬರತೈತೇನು?"

"ಬರತೈತಿ."

"ದಿನಾ?"

ನಾನು ಫೋನು ಆರಿಸಿದೆ. ಅವಳು ನನ್ನನ್ನೇ ನೋಡಿದಳು. "ಏ ಹುಡುಗಿ, ಒಂದು ಬಸ್ಸು ಹತ್ತು. ಹೋಗಿ ಆಕಿ ಮುಂದ ಅಂದುಬಿಡು, ನಿನ್ನ ಹಿತ್ತಲ ನೋಡಿ ನನ್ನ ಹೊಟ್ಟಿ ಉರೀತೈತಿ ಅಂತ. ನಗತಾಳ. ಎರಡು ಪೇರಲಹಣ್ಣ ಕೊಟ್ಟು ಕಳಸ್ತಾಳ. ಮುಗೀತು."

"ನನಗೇನ ಹೊಟ್ಟಿಕಿಚ್ಚಿಲ್ಲವ್ವಾ" ಎಂದೆ.

ಅವಳು ಮೆಣಸಿನಕಾಯಿಯನ್ನು ಗ್ಯಾಸಿನ ಉರಿಗೆ ಹಾಕಿದಳು. ಘಾಟು ಬಂದರೆ ನೆದರ ಇರಲಿಲ್ಲ, ಬರದಿದ್ದರೆ ಇತ್ತು ಎಂದು ಲೆಕ್ಕ. ಅವತ್ತು ಘಾಟು ಬಂತೋ ಇಲ್ಲವೋ ನನಗೆ ನೆನಪಿಲ್ಲ. ಬರಲಿಲ್ಲ ಎಂದು ಬರೆದರೆ ಚೆಂದವಾಗುತ್ತದೆ. ಅದಕ್ಕೇ ಬರೆಯುವುದಿಲ್ಲ.

ತಂಗಿಯ ಊರಿನ ಬಸ್ಸು ನಾನು ಹತ್ತಲಿಲ್ಲ. ಅದರ ಬದಲು ಮಕ್ಕಳನ್ನು ಬಾದಾಮಿಗೆ ಕರೆದೊಯ್ದೆ, ಅಲ್ಲಿ ಹಸಿರು ಹುಲ್ಲು ಇದೆಯೆಂದು. ಹುಲ್ಲಿನ ಮೇಲೆ ಓಡಿರಿ ಎಂದೆ, ಫೋಟೋ ಚೆನ್ನಾಗಿ ಬರಲಿಲ್ಲ, ಮತ್ತೆ ಓಡಿರಿ ಎಂದೆ. ನಾಲ್ಕನೆಯ ಸಲಕ್ಕೆ ಮಗಳು ಕೇಳಿದಳು: "ಅವ್ವಾ, ಈಗ ಖರೇನ ಆಡ್ಲ್ಯಾ?"

ಆಮೇಲೆ, ನನ್ನ ಫೋನಿನಲ್ಲಿ ಉಳಿದಿರುವ ಆ ಫೋಟೋ. ಚೀಲಗಳ ಗುಡ್ಡದ ಮೇಲೆ ಮಕ್ಕಳಿಬ್ಬರೂ ತಲೆಯಿಂದ ಕಾಲಿನವರೆಗೆ ಬಿಳಿ, ನಡುವೆ ಅವಳು, ಮೂವರೂ ಬಾಯಿ ತೆರೆದು ನಗುತ್ತಿದ್ದಾರೆ. ನಾನು ತೆಗೆದ ಫೋಟೋಗಳಲ್ಲಿ ಅದೊಂದೇ ಚೆನ್ನಾಗಿರುವುದು. ಹೆಮ್ಮೆಯಿಂದಲೇ ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ತಂಗಿ ಬರೆದಳು: "ಅಕ್ಕಾ, ಅಷ್ಟು ಧೂಳಾಗ ಯಾಕ ಬಿಟ್ಟೀ ಹುಡುಗೂರನ್ನ? ಸಾಲಿ ಸೂಟಿಗೆ ಇಲ್ಲಿ ಕಳಸು, ಹಿತ್ತಲದಾಗ ಆಡ್ಲಿ." ಪ್ರೀತಿಯಿಂದಲೇ ಬರೆದದ್ದು, ಈಗ ಓದಿದರೆ ಗೊತ್ತಾಗುತ್ತದೆ. ಗುಡೂರಿನ ಅತ್ತೆ ಅದರ ಕೆಳಗೆ ಅಳುವ ಮುಖವೊಂದನ್ನು ಹಾಕಿದಳು. ನಾನು ಗುಂಪಿನಿಂದ ಫೋಟೋ ಅಳಿಸಿದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಮುಂದಿನ ಸೋಮವಾರದಿಂದ ಮಕ್ಕಳು ಶಾಲೆ ಬಿಟ್ಟ ಮೇಲೆ ಒಂದು ಪ್ಲೇ ಹೋಮಿಗೆ ಹೋದರು. ಅಲ್ಲಿ ನೆಲಕ್ಕೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು ಹಾಸಿದ್ದರು. ಫೋಟೋದಲ್ಲಿ ಅದು ಹುಲ್ಲಿನಂತೆಯೇ ಬರುತ್ತಿತ್ತು. ಗಿರಣೆವ್ವನಿಗೆ ಹೇಳಲು ಒಂದು ಕಾರಣ ಬೇಕಲ್ಲ. "ಡಾಕ್ಟರು ಹುಡುಗೂರಿಗೆ ಧೂಳ ಆಗಿ ಬರೂದಿಲ್ಲ ಅಂದಾರವ್ವಾ" ಎಂದೆ. ಯಾವ ಡಾಕ್ಟರೂ ಹಾಗೆ ಅಂದಿರಲಿಲ್ಲ.

"ಹೌದನ್ರಿ?" ಎಂದಳು. ಅಷ್ಟೇ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬಸ್ಸಿಳಿದು ಬರುವಾಗ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನ ಮೇಲೆ ಹರಿಹಾಯ್ದಳು. "ನಿಮ್ಮಿಂದ ನೋಡ್ರಿ ಅಕ್ಕೋರ. ಮೂರೂವರಿಯಿಂದ ಆರರ ಮಟ ಗಿರಣಿ ಬಂದ್ ಇಡ್ತಾಳ. ನಿಮ್ಮ ಹುಡುಗೂರು ಬರ್ತಾವಂತ, ಧೂಳ ಏಳಬಾರದಂತ. ನಾವು ರೊಟ್ಟಿ ಯಾವಾಗ ಬಡೀಬೇಕ್ರಿ?" ಒಳಗೆ ನೋಡಿದೆ. ಬಾಗಿಲಿಗೆ ನೀರಿನಲ್ಲಿ ಅದ್ದಿದ ಗೋಣಿ ತಟ್ಟು ಕಟ್ಟಿದ್ದಳು. ನೆಲ ಒರೆಸಿದ್ದಳು. ಕಾಟಾವನ್ನೂ ತೊಳೆದಿಟ್ಟಿದ್ದಳು.

ಆಗಲೇ ಹೇಳಬಹುದಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದೆ.

ಇದು ಎಷ್ಟು ದಿನ ನಡೆಯಿತು? ನಾನು ಎರಡು ತಿಂಗಳು ಎನ್ನುತ್ತೇನೆ. ನನ್ನ ಗಂಡ ಒಪ್ಪುವುದಿಲ್ಲ. ಆಗ ಮಧ್ಯಾಹ್ನ ಹೊತ್ತು ಕರೆಂಟೇ ಇರುತ್ತಿರಲಿಲ್ಲ, ಅದಕ್ಕೇ ಗಿರಣಿ ನಿಲ್ಲುತ್ತಿತ್ತು, ನೀನು ಎಲ್ಲವನ್ನೂ ನಿನ್ನ ಮೇಲೆ ಎಳೆದುಕೊಳ್ಳುತ್ತೀ ಎನ್ನುತ್ತಾನೆ. ಅವನ ಮಾತನ್ನು ನಂಬಲು ನನಗೆ ಬಹಳ ಆಸೆ. ಆದರೆ ಒಂದು ಸಂಜೆ ಅವಳು ನನ್ನನ್ನು ತಡೆದು ನಿಲ್ಲಿಸಿದ್ದು ನೆನಪಿದೆ. ಕಿಟಕಿಯ ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಎಳೆದು, ನನ್ನ ಮುಂದೆ ಹಿಡಿದಳು. ಅಂಗೈ ಸ್ವಚ್ಛವಾಗಿತ್ತು.

"ನೋಡ್ರಿ ಅಕ್ಕೋರ. ಎಲ್ಲೈತಿ ಧೂಳ? ನೀವೂ ಕೈ ಇಟ್ಟ ನೋಡ್ರಿ."

"ಡಾಕ್ಟರಿಗೆ ಕೇಳ್ತೇನವ್ವಾ" ಎಂದೆ.

"ಕೇಳ್ರಿ ಮತ್ತ" ಎಂದಳು.

ಸಂಜೆಯ ರೊಟ್ಟಿಗೆ ಹಿಟ್ಟು ಬೇಕಾದವರು ಕಾಯಲಿಲ್ಲ. ಬಸ್ ನಿಲ್ದಾಣದ ಹತ್ತಿರ ಹೊಸ ಗಿರಣಿ ಬಂದಿತ್ತು, ಅಲ್ಲಿಗೆ ಹೋದರು. ಅವಳು ಮತ್ತೆ ಇಡೀ ದಿನ ಗಿರಣಿ ನಡೆಸತೊಡಗಿದಾಗ ಕಟ್ಟೆಯ ಮೇಲಿನ ಪಾಳಿ ಅರ್ಧಕ್ಕೆ ಇಳಿದಿತ್ತು. ಮರುವರ್ಷ ನಾವು ಹುನಗುಂದಕ್ಕೇ ಮನೆ ಬದಲಿಸಿದೆವು. ಅದೂ ಮಹಡಿಯ ಮೇಲೆ, ಅಲ್ಲೂ ಹಿತ್ತಲಿಲ್ಲ. ಹೊರಡುವ ದಿನ ಅವಳು ಎರಡು ಡಬ್ಬಿ ಹಿಟ್ಟು ಕೊಟ್ಟಳು. ಒಂದು ಡಬ್ಬಿಯ ಮುಚ್ಚಳ ತೆಗೆದು ಮಗ ಕೈ ಇಟ್ಟ. ಬಿಸಿ ಇತ್ತೇ ಎಂದು ನಾನು ಕೇಳಲಿಲ್ಲ.

ಅವಳು ತೀರಿಕೊಂಡದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾವನ್ನು ಕೊನೆಗೆ ಇಟ್ಟುಕೊಂಡರೆ ಬರೆಯುವವರ ತಪ್ಪು ಅದರ ಹಿಂದೆ ಸಣ್ಣದಾಗಿ ಕಾಣುತ್ತದೆ. ಉಸಿರಿನ ಕಾಯಿಲೆಯಿಂದ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ತೀರಿಕೊಂಡಳು. ಅವಳ ಮಗ ಸ್ಟೇಟಸ್ಸಿನಲ್ಲಿ ಹೂಮಾಲೆ ಹಾಕಿದ ಫೋಟೋ ಇಟ್ಟಿದ್ದ. ನಾನು ಬಸ್ಸಿನಲ್ಲಿ ನಿಂತಿದ್ದೆ. ಕೈ ಮುಗಿಯುವ ಗುರುತು ಕಳಿಸಿದೆ.

ಅದಕ್ಕೆ ಹದಿನೈದು ದಿನ ಮೊದಲು ನಾನು ಅವಳನ್ನು ನೋಡಲು ಹೋಗಿದ್ದೆ. ತಂಗಿಯ ಮನೆಗೆ ಬಂದಿದ್ದೆವು, ದವಾಖಾನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಆಯಿಯನ್ನು ನೋಡಬೇಕೆಂದು ಮಕ್ಕಳು ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಬೇಡ, ಅಲ್ಲಿ ಮಕ್ಕಳನ್ನು ಬಿಡುವುದಿಲ್ಲ ಎಂದು ಅವರನ್ನು ಹಿತ್ತಲಿಗೆ ಕಳಿಸಿದೆ. ಬಿಡುತ್ತಾರೋ ಇಲ್ಲವೋ ವಿಚಾರಿಸಿರಲಿಲ್ಲ. ಅವಳ ಮುಂದೆ ಮಕ್ಕಳು ಏನಾದರೂ ಅಂದುಬಿಟ್ಟರೆ ಎಂಬ ಅಂಜಿಕೆ. ಮಗಳಿಗೆ ಈಗ ಎಲ್ಲ ತಿಳಿಯುತ್ತದೆ. ತನ್ನನ್ನು ಯಾವ ಡಾಕ್ಟರೂ ನೋಡಿರಲಿಲ್ಲವೆಂಬುದು ಅವಳಿಗೆ ಗೊತ್ತು.

ಆದರೂ ಹೇಳಬೇಕೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ವಾರ್ಡಿನಲ್ಲಿ ಅವಳ ಮಂಚ ದಾಟಿ ಮುಂದೆ ಹೋಗಿ, ಮತ್ತೆ ಹಿಂದೆ ಬಂದೆ. ಅಷ್ಟು ಚಿಕ್ಕವಳಾಗಿದ್ದಳು. ಮೂಗಿಗೆ ನಳಿಕೆ. ನನ್ನನ್ನು ಕಂಡದ್ದೇ ಮಂಚದ ಅಂಚು ತಟ್ಟಿ ಕೂಡಿಸಿಕೊಂಡಳು.

"ಬಾರವಾ. ಇವತ್ತ ರವಿವಾರ, ದೊಡ್ಡ ಡಾಕ್ಟರು ಬರೂದಿಲ್ಲ. ಇವತ್ತೆಲ್ಲಾ ಕಲಿಯೂ ಹುಡುಗೂರು. ನನ್ನ ಕೈ ಮ್ಯಾಲ ಸೂಜಿ ಕಲ್ಯಾಕ ಹತ್ಯಾರ" ಎಂದು ಕಪ್ಪಾದ ಮುಂಗೈ ತೋರಿಸಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಬೆನ್ನು ಸವರಿದೆ.

"ಅವ್ವಾ, ಅವತ್ತ ಡಾಕ್ಟರು ಧೂಳಿಂದು ಏನೂ ಅಂದಿರಲಿಲ್ಲ" ಎಂದೆ.

ಅವಳು ತನ್ನ ಡಾಕ್ಟರ ಮಾತು ಎಂದುಕೊಂಡಳು.

"ಅಂದಾರವಾ. ಎಲ್ಲಾ ಅಂದಾರ. ಎದಿ ತುಂಬ ಹಿಟ್ಟ ಕುಂತೈತಂತ."

ಅಲ್ಲವ್ವಾ, ನಾನು ಹೇಳುತ್ತಿರುವುದು ಬೇರೆ ಎಂದು ಬಾಯಿ ತೆರೆಯಬೇಕಿತ್ತು. ಪಕ್ಕದ ಮಂಚದವರು ಕಿತ್ತಳೆ ಹಣ್ಣು ಸುಲಿಯುತ್ತಿದ್ದರು, ಅದನ್ನು ನೋಡುತ್ತ ಕೂತೆ. ಅವಳು ಬಾಗಿಲಿನ ಕಡೆ ಕತ್ತು ತಿರುಗಿಸಿದಳು.

"ಹುಡುಗೂರು ಬಂದಿಲ್ಲೇನು?"

"ಸಾಲಿ ಐತವ್ವಾ" ಎಂದೆ, ರವಿವಾರದ ದಿನ.

ಅವಳು ಬಾಗಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಒಂದು ಉಸಿರು ಎಳೆದುಕೊಂಡು, ಇನ್ನೊಂದು ಎಳೆದುಕೊಂಡು, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಹೂಂ. ಕಲೀಲಿ" ಎಂದಳು. "ಚಲೋ ಕಲೀಲಿ."